ಗುರುವಾರದ ಮಾತು

ಮಗ ಊಟಕ್ಕೆ ಕೂತವನು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಹಿಸುಕುತ್ತಲೇ ಇದ್ದ. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಸೊಸೆ ನೋಡುವಷ್ಟು ನೋಡಿ ಕೊನೆಗೆ ಕೇಳಿಯೇ ಬಿಟ್ಟಳು.

"ಉಪ್ಪು ಕಮ್ಮಿಯಾಯ್ತಾ?"

"ಇಲ್ಲ."

"ಮತ್ತೆ ಅದನ್ಯಾಕೆ ಹಾಗೆ ಕೊಲ್ತಿದ್ದೀರಿ?"

"ಗುಂಗುರಿ ಕೈ ರೋಲರಿಗೆ ಸಿಕ್ತು," ಅಂದ ಮಗ. "ಬಲಗೈ. ಬೆರಳೆಲ್ಲ ಬೆಂದುಹೋಗಿದೆ."

ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿಯಲ್ಲಿ ಅವನು ಸೂಪರ್‌ವೈಸರ್. ಗುಂಗುರಿ ಅಲ್ಲಿ ಕೆಲಸಕ್ಕಿದ್ದ ಹೆಂಗಸು. ಗುಂಗುರು ಕೂದಲಿಗೆ ಆ ಹೆಸರು ಬಿದ್ದು, ಕೊನೆಗೆ ಅವಳೇ ಅದಕ್ಕೆ ಓಗೊಡುತ್ತಿದ್ದಳು. ಕಾದ ರೋಲರಿನ ಬಾಯಿಗೆ ಒದ್ದೆ ಶೀಟನ್ನು ಎರಡೂ ಕೈಯಿಂದ ಬಿಡಿಸಿ ಕೊಡುವುದು ಅವಳ ಕೆಲಸ.

"ಅಲ್ಲೊಂದು ಅಡ್ಡಪಟ್ಟಿ ಇರುತ್ತಲ್ಲ?" ಅಂದಳು ಸೊಸೆ. "ಕೈ ತಗುಲಿದ್ರೆ ಮಿಶಿನ್ ತಾನೇ ನಿಂತುಬಿಡುತ್ತೆ ಅಂತ ನೀವೇ ಹೇಳಿದ್ರಿ."

ಮಗ ದನಿ ತಗ್ಗಿಸಿದ. "ಪಟ್ಟೀನ ಅಲುಗದ ಹಾಗೆ ತಂತಿ ಹಾಕಿ ಕಟ್ಟಿಸಿದ್ದೆ. ಶೀಟಿನ ಮಡಿಕೆ ತಗುಲಿದ್ರೂ ನಿಲ್ಲುತ್ತೆ ಅದು. ನಿಂತು ನಿಂತು ಹೋದ್ರೆ ಲೋಡು ಮುಗಿಯೋದು ಯಾವಾಗ? ಮೇಲಿನವರು ಲೋಡು ಎಲ್ಲಿ ಅಂತ ಕೇಳ್ತಾರೆ, ಪಟ್ಟಿ ಎಲ್ಲಿ ಅಂತ ಯಾರೂ ಕೇಳಲ್ಲ."

"ಅಂದ್ರೆ ನೀವು ಹೇಳಿ ಕಟ್ಟಿಸಿದ್ದು."

"ಹೂಂ. ಈಗ ಮ್ಯಾನೇಜರು, ಅವಳೇ ಕಟ್ಕೊಂಡಿದ್ಲು, ಬೇಗ ಮುಗಿಸಿ ಮನೆಗೆ ಹೋಗೋ ಆಸೆಗೆ, ಅಂತ ಹೇಳು ಅಂದಿದ್ದಾರೆ."

"ಮೆಲ್ಲಗೆ. ಅತ್ತೆ ಇದ್ದಾರೆ."

ಅತ್ತೆ ಇದ್ದಳು. ಮೇಜಿನ ಆ ತುದಿಯಲ್ಲಿ ಬ್ರೆಡ್ಡಿನ ತುಣುಕನ್ನು ಸಾರಿಗೆ ಅದ್ದುತ್ತಾ ಕೂತಿದ್ದಳು. ಬೀದಿಯವರಿಗೆಲ್ಲ ಆಕೆ ಹೊಲಿಗೆಯಮ್ಮ. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಮಿಶಿನ್ ತುಳಿದು ಮಗನನ್ನು ಓದಿಸಿದವಳು. ಅವಳ ಕಿವಿ ಮಂದ ಅಂತ ಮನೆಯವರ ನಂಬಿಕೆ. ಮಿಶಿನ್ನಿನ ಸದ್ದಿನಲ್ಲಿ ಕೂತವರು ಕರೆದ ಕೂಡಲೇ ತಿರುಗುವುದಿಲ್ಲ, ಅಷ್ಟೇ. ಕಿವಿಗೇನೂ ಆಗಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಅಜ್ಜಿಯ ಮುಖ ನೋಡಿದಳು. ಅಜ್ಜಿ ಸಾರು ನೋಡಿದಳು.

ಗುರುವಾರ ಬಂತು. ಗುರುವಾರ ಸಾಯಂಕಾಲ ಆ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿಗಳು ಗೋಡೆ ಬಿಟ್ಟು ದುಂಡಗೆ ಬರುತ್ತಿದ್ದವು. ಹೊಲಿಗೆ ಮಿಶಿನ್ನಿನ ಮೇಲೆ ಬಟ್ಟೆ ಹಾಸಿದರೆ ಅದೇ ಮೇಜು. ಮೇಲೊಂದು ಬೈಬಲ್ಲು, ಒಂದು ನೀರಿನ ಜಗ್ಗು. ಇಷ್ಟಾದರೆ ಕ್ಲಾಸು ಶುರು.

ಕ್ಲಾಸು ಅಂದರೆ ಪಾಠ ಗೀಠ ಅಲ್ಲ. ಮೆಥೋಡಿಸ್ಟ್ ಪಂಗಡದ ಕ್ರೈಸ್ತರಲ್ಲಿ ಇದೊಂದು ಹಳೆಯ ಪದ್ಧತಿ. ಒಂದಷ್ಟು ಮಂದಿ ವಾರಕ್ಕೊಮ್ಮೆ ಸೇರುತ್ತಾರೆ. ಲೀಡರ್ ಆದವರು ಒಬ್ಬೊಬ್ಬರನ್ನೇ ಕೇಳುತ್ತಾರೆ, ಈ ವಾರ ನಿಮ್ಮ ಆತ್ಮ ಹೇಗಿದೆ ಅಂತ. ಕೇಳಿಸಿಕೊಂಡವರು ನಿಜ ಹೇಳಬೇಕು. ಅತ್ತೆಯನ್ನು ಮನಸ್ಸಿನಲ್ಲೇ ಬೈದದ್ದು, ಬಾಗಿಲಿಗೆ ಭಿಕ್ಷುಕ ಬಂದಾಗ ಮನೆಯಲ್ಲಿ ಇಲ್ಲದವರ ಹಾಗೆ ಒಳಗೇ ಕೂತದ್ದು, ಬಿಟ್ಟ ಸಿಗರೇಟು ಮತ್ತೆ ಸೇದಿದ್ದು. ಹೇಳಿದ್ದು ಆ ಕೋಣೆಯ ಹೊಸಿಲು ದಾಟಬಾರದು. ಎಷ್ಟೋ ಚರ್ಚುಗಳಲ್ಲಿ ಈ ಪದ್ಧತಿ ಮೆಲ್ಲಗೆ ಬಿದ್ದುಹೋಯಿತು. ಇಲ್ಲಿ ಉಳಿದದ್ದು ಹೊಲಿಗೆಯಮ್ಮನ ಹಟದಿಂದ. ಮೊಮ್ಮಗಳು ಅದಕ್ಕೆ 'ಅಜ್ಜಿಯ ಕಂಪ್ಲೇಂಟ್ ಆಫೀಸು' ಅನ್ನುತ್ತಿದ್ದಳು.

"ಇವತ್ತು ಆಫೀಸ್ ಇದೆಯಲ್ಲಜ್ಜಿ, ನಾನೆಲ್ಲಿ ಓದಲಿ?"

"ಅಡುಗೆಮನೇಲಿ ಓದು. ಹಸಿವಾದ್ರೆ ದೂರ ಹೋಗೋದು ತಪ್ಪುತ್ತೆ."

ಅವತ್ತು ಗುಂಗುರಿಯ ಕುರ್ಚಿ ಖಾಲಿಯಿತ್ತು. ಅವಳೂ ಆ ಕ್ಲಾಸಿನವಳೇ. ಎಲ್ಲರೂ ಅವಳಿಗಾಗಿ ಪ್ರಾರ್ಥನೆ ಮಾಡಿದರು. ಸುತ್ತು ಮುಗಿದು ಲೀಡರಾದ ಹೊಲಿಗೆಯಮ್ಮನ ಸರದಿ ಬಂತು. ಲೀಡರನ್ನು ಕೇಳುವವರು ಫಿಟ್ಟರಣ್ಣ. ಅದೇ ಲಾಂಡ್ರಿಯ ಮಿಶಿನ್ ರಿಪೇರಿಯವರು, ನಿವೃತ್ತಿಯ ಹೊಸಿಲಲ್ಲಿದ್ದವರು.

"ನಿನ್ನ ಆತ್ಮ ಹೇಗಿದೆ, ತಂಗಿ?"

"ಚೆನ್ನಾಗಿಲ್ಲ, ಅಣ್ಣ," ಅಂದಳು ಹೊಲಿಗೆಯಮ್ಮ. ಆಮೇಲೆ ಊಟದ ಮೇಜಿನ ಮಾತು ಪೂರ್ತಿ ಹೇಳಿದಳು. ತಂತಿ, ಪಟ್ಟಿ, ಕಟ್ಟಿಸಿದವನು ಯಾರು, ಈಗ ಯಾರ ತಲೆಗೆ ಕಟ್ಟುತ್ತಿದ್ದಾರೆ, ಎಲ್ಲವನ್ನೂ. "ಆ ಅನ್ನ ಉಣ್ತಿರೋಳು ನಾನು. ಗಂಟಲಲ್ಲಿ ಇಳೀತಿಲ್ಲ."

ಫಿಟ್ಟರಣ್ಣ ತಲೆ ತಗ್ಗಿಸಿ ಪ್ರಾರ್ಥನೆ ಮಾಡಿದರು. ಉಳಿದವರು ಆಮೆನ್ ಅಂದರು. ಹೊಲಿಗೆಯಮ್ಮನಿಗೆ ಎದೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಒಳ್ಳೆಯ ನಿದ್ದೆ ಬಂತು. ದೇವರ ಮುಂದೆ ಹೇಳಿಯಾಯಿತು, ಒಳ್ಳೆಯ ಜನರ ಮುಂದೆ ಹೇಳಿಯಾಯಿತು, ಇನ್ನು ಏನಾದರೂ ಒಳ್ಳೆಯದಾಗುತ್ತದೆ ಅಂದುಕೊಂಡಳು.

ಆಗಲಿಲ್ಲ.

ಶನಿವಾರ ಗುಂಗುರಿಯ ಮನೆಗೆ ಹೋದಳು. ಅದು ಮೂರನೇ ಅಂತಸ್ತಿನ ಒಂದೇ ಕೋಣೆ. ಗುಂಗುರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಕೈಗೆ ದಿಂಬಿನಷ್ಟು ಬ್ಯಾಂಡೇಜು. ಕೂದಲು ಬಾಚದೆ ಹಕ್ಕಿಗೂಡಿನ ಹಾಗಾಗಿತ್ತು.

"ಬನ್ನಿ ದೊಡ್ಡಮ್ಮ. ಕೂತ್ಕೊಳ್ಳಿ ಅನ್ನೋಣ ಅಂದ್ರೆ ಕುರ್ಚಿ ತುಂಬ ಬಟ್ಟೆ."

"ಇರಲಿ ಬಿಡೇ. ಕ್ಲಾಸಲ್ಲಿ ಎಲ್ರೂ ನಿನಗೋಸ್ಕರ ಪ್ರಾರ್ಥನೆ ಮಾಡಿದ್ವಿ."

"ಮಾಡಿ. ಬೇಡ ಅನ್ನಲ್ಲ. ಆ ಪಾತ್ರೆನೂ ಸ್ವಲ್ಪ ನೋಡಿ."

ಹೊಲಿಗೆಯಮ್ಮ ಪಾತ್ರೆ ತೊಳೆದಳು. ಆಮೇಲೆ ಎಣ್ಣೆ ಹಚ್ಚಿ, ಒಂದೊಂದೇ ಸಿಕ್ಕು ಬಿಡಿಸುತ್ತಾ ಕೂದಲು ಬಾಚಿದಳು. ಗುಂಗುರಿ ಗೋಡೆಯ ಕಡೆ ಮುಖ ಮಾಡಿ ಕೂತು ಮಾತಾಡಿದಳು.

"ನಾನೇ ತಂತಿ ಕಟ್ಕೊಂಡೆ ಅಂತೆ. ವಿಚಾರಣೆಗೆ ಲೇಬರ್ ಆಫೀಸರ್ ಬರ್ತಾರೆ, ಅವರಿಗೂ ಹಾಗೇ ಹೇಳ್ತಾರಂತೆ. ಕೈ ಹೋದ್ರೆ ಹೋಗ್ಲಿ ದೊಡ್ಡಮ್ಮ, ಗಾಯ ಮಾಯುತ್ತೆ. ಇವಳು ಕಳ್ಳಕೆಲಸ ಮಾಡಿ ಕೈ ಸುಟ್ಕೊಂಡೋಳು ಅಂದ್ಬಿಟ್ರೆ ನನ್ನನ್ನ ಮುಂದೆ ಯಾರು ಕೆಲಸಕ್ಕೆ ಸೇರಿಸ್ಕೋತಾರೆ? ಒಂದೊಂದು ಸಲ ನನಗೇ ಅನುಮಾನ ಬರುತ್ತೆ, ಜ್ವರದಲ್ಲಿ ಮರೆತಿದ್ದೀನಾ, ನಾನೇ ಕಟ್ಟಿದ್ನಾ ಅಂತ."

ಹೊಲಿಗೆಯಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. ಮತ್ತೆ ನಡೆಯಿತು.

"ದೇವರು ನೋಡ್ತಾನೆ," ಅಂದಳು.

"ನೋಡ್ತಾನೆ. ಸಾಕ್ಷಿ ಹೇಳೋಕೆ ಬರ್ತಾನಾ?"

ಅದರ ಮುಂದಿನ ವಾರವೂ ಹೋಗಿ ಬಾಚಿ ಬಂದಳು. ಬರುವಾಗ ದಾರಿಯಲ್ಲಿ ಫಿಟ್ಟರಣ್ಣನ ಮನೆಯ ಬಾಗಿಲು ಬಡಿದಳು. ಅವರು ಬನಿಯನ್ನಿನಲ್ಲಿ ಕೂತು ಒಂದು ಫ್ಯಾನ್ ಬಿಚ್ಚಿ ಹರಡಿಕೊಂಡಿದ್ದರು.

"ಅಣ್ಣ, ನೀವು ಆ ಮಿಶಿನ್ನಿನ ಹತ್ತಿರಾನೇ ಇರೋರು. ತಂತಿ ಕಣ್ಣಲ್ಲಿ ನೋಡಿದ್ದೀರಿ. ಆಫೀಸರ್ ಮುಂದೆ ನಾಲ್ಕು ಮಾತು ಹೇಳಬಾರದಾ?"

ಫಿಟ್ಟರಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ತಂಗಿ, ತಂತಿ ನೋಡಿದ್ದೆ. ಯಾರು ಕಟ್ಟಿಸಿದ್ದು ಅಂತ ಗೊತ್ತಿರಲಿಲ್ಲ. ಶುಕ್ರವಾರ ಹೋಗಿ ನಿನ್ನ ಮಗನ್ನೇ ಕೇಳೋಣ, ಬೇಕಾದ್ರೆ ಮೇಲಿನವರ ಹತ್ರಾನೂ ಜಗಳ ಆಡೋಣ ಅಂತಿದ್ದೆ. ಗುರುವಾರ ನೀನು ಹೇಳಿಬಿಟ್ಟೆ."

"ಹೇಳಿದ್ರೆ ಒಳ್ಳೇದೇ ಆಯ್ತಲ್ಲ?"

"ಎಲ್ಲಿ ಹೇಳಿದೆ? ಕ್ಲಾಸಲ್ಲಿ. ಅಲ್ಲಿ ಹೇಳಿದ ಮಾತನ್ನ ನಾನು ಹೊರಗೆ ತೆಗೀಲಾ? ಈಗ ಬಾಯಿ ಬಿಟ್ರೆ ಯಾವುದು ನಾನು ನೋಡಿದ್ದು, ಯಾವುದು ನೀನು ಹೇಳಿದ್ದು ಅಂತ ನನಗೇ ಬೇರೆ ಮಾಡೋಕೆ ಬರಲ್ಲ. ಕೋಣೇಲಿದ್ದ ಎಲ್ರಿಗೂ ಹೀಗೇ ಆಗಿದೆ. ನಮ್ಮಷ್ಟಕ್ಕೆ ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ಕೂಗಾಡ್ತಿದ್ವೇನೋ. ನೀನು ಎಲ್ರ ಬಾಯಿಗೂ ಒಂದೇ ಸಲ ಹೊಲಿಗೆ ಹಾಕ್ಬಿಟ್ಟೆ."

ಅವರು ನಗಲಿಲ್ಲ. ಅವಳೂ ನಗಲಿಲ್ಲ.

"ಹಾಗಾದ್ರೆ?"

"ಮಾತು ನಿನ್ನದು. ಇಟ್ಟೋರೇ ತೆಗೀಬೇಕು."

ಮನೆಗೆ ಬಂದವಳು ಮಗನಿಗಾಗಿ ಕಾದಳು. ಅವನು ಶೂ ಬಿಚ್ಚುತ್ತಿರುವಾಗಲೇ ಎದುರು ನಿಂತಳು.

"ವಿಚಾರಣೆ ಯಾವತ್ತು?"

"ಈ ಬುಧವಾರ ಅಲ್ಲ, ಮುಂದಿನ ಬುಧವಾರ. ನಿನಗ್ಯಾರು ಹೇಳಿದ್ದು?"

"ವಿಚಾರಣೆ ಗುಂಗುರಿ ಹೇಳಿದ್ದು, ತಂತಿ ನೀನೇ ಹೇಳಿದ್ದು, ಆಲೂಗಡ್ಡೆ ಹಿಸುಕ್ತಾ. ಅವತ್ತು ನಿಜ ಹೇಳು ಮಗನೇ. ನೀನು ಹೇಳದಿದ್ರೆ ನಾನು ಬಂದು ಹೇಳ್ತೀನಿ. ಬೆನ್ನ ಹಿಂದೆ ಮಾಡಬಾರದು ಅಂತ ಮುಂಚೆ ತಿಳಿಸ್ತಿದ್ದೀನಿ."

ಮಗ ಒಂದು ಶೂ ಕೈಯಲ್ಲಿ ಹಿಡಿದೇ ಇದ್ದ. "ಯಾರ ಹತ್ರ ಆದ್ರೂ ಬಾಯಿ ಬಿಟ್ಟಿದ್ದೀಯಾ?"

"ಕ್ಲಾಸಲ್ಲಿ."

"ಕ್ಲಾಸಲ್ಲಿ. ಅಷ್ಟೂ ಜನರ ಮುಂದೆ. ನಾನು ಇವರನ್ನೆಲ್ಲ ದಿನಾ ಲಾಂಡ್ರೀಲಿ, ಚರ್ಚಲ್ಲಿ ನೋಡ್ತೀನಿ. ಒಬ್ಬರಾದ್ರೂ ಮುಖದಲ್ಲಿ ತೋರಿಸಿಲ್ಲ."

"ತೋರಿಸಲ್ಲ ಅವರು."

"ಅಲ್ಲಮ್ಮ, ನೀನು ಹೆತ್ತಿದ್ದು ನನ್ನನ್ನೋ, ಗುಂಗುರಿಯನ್ನೋ?"

"ನಿನ್ನನ್ನೇ. ಅದಕ್ಕೇ ನಿನ್ನ ಹತ್ರ ಜಗಳಕ್ಕೆ ನಿಂತಿರೋದು. ಮ್ಯಾನೇಜರನ್ನ ನಾನು ಹೆತ್ತಿಲ್ಲ."

"ನಾನು ಅವಳ ಕೈ ಹಿಡಿದು ರೋಲರಿಗೆ ಕೊಟ್ನಾ?"

"ಪಟ್ಟಿ ಕಟ್ಟಿಸ್ದೆ."

ಅವನು ಶೂ ಕೆಳಗೆ ಎಸೆದ. ಅಡುಗೆಮನೆಯಿಂದ ಸೊಸೆ ಬಂದಳು, ಕೈಯಲ್ಲಿ ಸೌಟು.

"ಅತ್ತೆ, ಇವರ ಕೆಲಸ ಹೋದ್ರೆ ಇವಳ ಕಾಲೇಜು ಏನಾಗುತ್ತೆ ಯೋಚ್ನೆ ಮಾಡಿದ್ರಾ? ನಿಮ್ಮ ಆತ್ಮ ನೆಟ್ಟಗಾಗೋಕೆ ನಮ್ಮನ್ನ ಯಾಕೆ ಬೀದಿಗೆ ತರ್ತೀರಿ?"

ಹೊಲಿಗೆಯಮ್ಮ ಯೋಚನೆ ಮಾಡಿದ್ದಳು. ಮಾಡಿದ್ದರೂ ಉತ್ತರ ಸಿಕ್ಕಿರಲಿಲ್ಲ.

ಅವತ್ತಿನಿಂದ ಮಗ ಅವಳು ಕೂತ ಮೇಜಿಗೆ ಬರುವುದನ್ನು ಬಿಟ್ಟ. ಸೊಸೆ ಅವಳ ತಟ್ಟೆಗೆ ಮೊದಲೇ ಬಡಿಸಿ, ಮುಚ್ಚಿಟ್ಟು, "ಇಟ್ಟಿದ್ದೀನಿ" ಅಂತ ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದಳು. ಮೂವರ ಊಟದ ಸದ್ದು ಒಳಗಿನ ಕೋಣೆಯಿಂದ ಕೇಳುತ್ತಿತ್ತು, ಚಮಚದ ಸದ್ದು, ಮೊಮ್ಮಗಳ ಅರ್ಧಕ್ಕೇ ನಿಂತ ನಗು. ಹೊಲಿಗೆಯಮ್ಮ ಮೇಜಿನ ಮುಂದೆ ಒಬ್ಬಳೇ ಕೂತು ಊಟಕ್ಕೆ ಮುಂಚಿನ ಪ್ರಾರ್ಥನೆ ಹೇಳುತ್ತಿದ್ದಳು. ಕೊನೆಗೆ ಆಮೆನ್ ಅನ್ನುವುದಕ್ಕೆ ಇನ್ನೊಂದು ದನಿ ಇಲ್ಲದಾಗ ಆ ಪ್ರಾರ್ಥನೆ ಎಷ್ಟು ಚಿಕ್ಕದು ಅಂತ ಅವಳಿಗೆ ಆಗಲೇ ಗೊತ್ತಾದದ್ದು.

ಶುಕ್ರವಾರ ಬಂತು. ಶುಕ್ರವಾರ ಮಧ್ಯಾಹ್ನ ಇಳಿಯುವವರೆಗೆ ಅವಳು ಏನೂ ತಿನ್ನುತ್ತಿರಲಿಲ್ಲ. ಆ ಹೊತ್ತು ಪ್ರಾರ್ಥನೆಗೆ, ತನ್ನ ಪಾಲಿನ ಊಟ ಯಾರಾದರೂ ಇಲ್ಲದವರಿಗೆ. ಮದುವೆಗೆ ಮುಂಚಿನಿಂದ ನಡೆದುಬಂದ ನೇಮ. ಅವತ್ತು ಸೊಸೆ ಮುಚ್ಚಿದ ತಟ್ಟೆಯ ಮುಂದೆ ಬಂದು ನಿಂತಳು.

"ಈ ಉಪವಾಸ ನಮ್ಮ ಮೇಲಿನ ಸಿಟ್ಟಿಗೆ ತಾನೇ?"

"ಇವತ್ತು ಶುಕ್ರವಾರ ಕಣಮ್ಮ. ಮನೆಗೆ ಬಂದಾಗಿಂದ ನೋಡಿದ್ದೀಯ."

"ಮುಂಚೆ ನೀವು ಊಟ ಬಿಡ್ತಿದ್ರಿ. ಈಗ ನಮ್ಮ ಊಟ ಬಿಡ್ತಿದ್ದೀರಿ."

ಹೊಲಿಗೆಯಮ್ಮ ಸೊಸೆಯ ಮುಖ ನೋಡಿದಳು. ಆ ಮುಖ ಎರಡು ವಾರದಲ್ಲಿ ಸೊರಗಿತ್ತು. ತಟ್ಟೆ ಎಳೆದುಕೊಂಡಳು, ಮುಚ್ಚಳ ತೆಗೆದಳು, ಉಂಡಳು. ಸೊಸೆ ನಿಂತೇ ನೋಡಿದಳು. ಅರ್ಧವಾಗುವ ಹೊತ್ತಿಗೆ ಕುರ್ಚಿ ಎಳೆದು ಕೂತಳು. ಖಾಲಿಯಾದ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದಳು.

ಮಾರನೆಯ ದಿನ ಹೊಲಿಗೆಯಮ್ಮ ಗುಂಗುರಿಗೆ ಎಲ್ಲವನ್ನೂ ಹೇಳಿದಳು. ಬಾಚಣಿಗೆ ಕೆಳಗಿಟ್ಟು, ಎದುರಿಗೆ ಬಂದು ಕೂತು ಹೇಳಿದಳು. ಗುಂಗುರಿ ಅಳಲಿಲ್ಲ, ಬೈಯಲಿಲ್ಲ. ಬ್ಯಾಂಡೇಜಿನ ಅಂಚಿನ ದಾರ ಕೀಳುತ್ತಿದ್ದಳು.

"ಪಾತ್ರೆ ತೊಳೆದ್ರಿ. ತಲೆ ಬಾಚಿದ್ರಿ. ಆ ಮಾತು ಬಾಯಲ್ಲಿ ಇಟ್ಕೊಂಡೇ ಬಾಚಿದ್ರಿ."

"ಹೂಂ."

"ನಾನೇ ಕಟ್ಟಿದ್ನಾ ಅಂತ ನಿಮ್ಮನ್ನ ಕೇಳ್ದೆ. ದೇವರು ನೋಡ್ತಾನೆ ಅಂದ್ರಿ."

"ತಪ್ಪಾಯ್ತು ಕಣೆ."

"ಬುಧವಾರ ಬಂದು ಹೇಳ್ತೀರಾ?"

"ಹೇಳ್ತೀನಿ."

"ಸರಿ. ಈಗ ಪೂರ್ತಿ ಬಾಚಿ. ಅರ್ಧ ಸಿಕ್ಕು ಹಾಗೇ ಇದೆ." ಗುಂಗುರಿ ಮತ್ತೆ ಗೋಡೆಗೆ ತಿರುಗಿದಳು. "ಮುಂದಿನ ವಾರಾನೂ ಬನ್ನಿ, ನನಗೆ ಬೇರೆ ಯಾರೂ ಇಲ್ಲ. ಆದ್ರೆ ಮಾತಾಡಬೇಡಿ."

ದೊಡ್ಡಮ್ಮ ಅನ್ನುವ ಮಾತು ಅವಳ ಬಾಯಿಂದ ಅವತ್ತು ಒಂದು ಸಲವೂ ಬರಲಿಲ್ಲ.

ಬುಧವಾರ ಲಾಂಡ್ರಿಯ ಆಫೀಸಿನಲ್ಲಿ ಲೇಬರ್ ಆಫೀಸರ್ ಕೂತಿದ್ದರು. ಮ್ಯಾನೇಜರ್ ಒಂದು ಕಡೆ, ಮಗ ಅವರ ಪಕ್ಕದಲ್ಲಿ, ಗುಂಗುರಿ ಇನ್ನೊಂದು ಕಡೆ. ಬಾಗಿಲ ಹತ್ತಿರ ಕೆಲಸದವರು. ಮಗ ಕೇಳಿದ್ದಕ್ಕೆಲ್ಲ "ನನಗೆ ಗೊತ್ತಿಲ್ಲ ಸಾರ್" ಅಂದ. ಅವಳೇ ಕಟ್ಟಿದ್ದು ಅಂತ ಮಾತ್ರ ಅನ್ನಲಿಲ್ಲ. ಮ್ಯಾನೇಜರ್ ಎರಡು ಸಲ ಅವನ ಮುಖ ನೋಡಿದರು.

ಹೊಲಿಗೆಯಮ್ಮ ಮುಂದೆ ಬಂದಳು. ಹೇಳುವುದನ್ನು ಹೇಳಿದಳು.

"ನೀವು ಕಣ್ಣಲ್ಲಿ ನೋಡಿದ್ರಾ?" ಕೇಳಿದರು ಆಫೀಸರ್.

"ಇಲ್ಲ ಸಾರ್. ಕಿವೀಲಿ ಕೇಳಿದೆ. ನಮ್ಮನೆ ಊಟದ ಮೇಜಲ್ಲಿ."

"ನೀವು ಇವರಿಗೆ ಏನಾಗ್ಬೇಕು?"

"ತಾಯಿ."

ಆಫೀಸರ್ ಪೆನ್ನು ಎತ್ತಿದವರು ಬರೆಯದೆ ಅವಳನ್ನೇ ನೋಡಿದರು. ಮ್ಯಾನೇಜರ್, "ಮನೆ ಜಗಳ ಸಾರ್ ಇದು, ವಯಸ್ಸಾಗಿದೆ, ಕಿವಿ ಬೇರೆ ಮಂದ," ಅಂದರು. ಆಗ ಬಾಗಿಲ ಹತ್ತಿರದಿಂದ ಫಿಟ್ಟರಣ್ಣನ ದನಿ ಬಂತು.

"ಇನ್ನು ನಾನು ಹೇಳಬಹುದು ಸಾರ್. ತಂತಿ ಒಂದೇ ಮಿಶಿನ್ನಿಗೆ ಇರಲಿಲ್ಲ. ಸಾಲಿನ ಎಲ್ಲ ರೋಲರಿಗೂ ಕಟ್ಟಿತ್ತು, ಒಂದೇ ಸುತ್ತು, ಒಂದೇ ಗಂಟು. ಇವಳೊಬ್ಬಳು ಬೇಗ ಮನೆಗೆ ಹೋಗೋಕೆ ಊರವರ ಮಿಶಿನ್ನಿಗೆಲ್ಲ ತಂತಿ ಕಟ್ತಾಳಾ?"

ಅವರ ಹಿಂದೆ ಕ್ಲಾಸಿನ ಇನ್ನೊಬ್ಬಳು, ಶೀಟು ಮಡಿಸುವವಳು, "ನಾನೂ ನೋಡಿದ್ದೀನಿ" ಅಂದಳು. ಅವಳ ಹಿಂದೆ ಕ್ಲಾಸಿಗೂ ಚರ್ಚಿಗೂ ಸಂಬಂಧವಿಲ್ಲದ ಒಬ್ಬ ಹೆಂಗಸು. ಆಮೇಲೆ ಮಗ ಎದ್ದು ನಿಂತ. ತಾಯಿಯ ಕಡೆ ನೋಡಲಿಲ್ಲ.

"ನಾನು ಹೇಳಿ ಕಟ್ಟಿಸಿದ್ದು ಸಾರ್. ಮ್ಯಾನೇಜರು ಲೋಡು ಅಂದ್ರು, ನಾನು ತಂತಿ ಅಂದೆ."

ಗುಂಗುರಿಯ ಮೇಲಿನ ಅಪವಾದ ಹೋಯಿತು. ಲಾಂಡ್ರಿಯವರು ಅವಳ ಚಿಕಿತ್ಸೆ ನೋಡಿಕೊಳ್ಳಬೇಕು, ಕೈ ಕೂಡಿಬಂದ ಮೇಲೆ ಕೆಲಸ ಕೊಡಬೇಕು ಅಂತಾಯಿತು. ತಂತಿಗಳನ್ನು ಫಿಟ್ಟರಣ್ಣನೇ ಬಿಚ್ಚಿದರು. ಮಗನ ಸೂಪರ್‌ವೈಸರ್ ಕೆಲಸ ಹೋಗಿ, ಲಾರಿಗೆ ಮೂಟೆ ಹಾಕುವ ಕಡೆ ಹಾಕಿದರು. ಸೊಸೆ ತಾನು ಕೂರುತ್ತಿದ್ದ ಔಷಧಿ ಅಂಗಡಿಯಲ್ಲಿ ಇನ್ನಷ್ಟು ಹೊತ್ತು ಕೂರತೊಡಗಿದಳು.

"ಅಜ್ಜಿ, ನೀನು ಮಾಡಿದ್ದು ಸರಿ," ಅಂದಳು ಮೊಮ್ಮಗಳು ಒಂದು ದಿನ, ಬಟ್ಟೆ ಒಣಹಾಕುತ್ತಾ. "ಆದ್ರೆ ನನಗೆ ಅಪ್ಪನ್ನ ನೋಡಿದ್ರೆ ಅಳು ಬರುತ್ತೆ. ಎರಡೂ ಒಟ್ಟಿಗೆ ಹೇಗೆ ಇಟ್ಕೊಳ್ಳೋದು?"

"ನನಗೂ ಬರಲ್ಲ ಪುಟ್ಟಿ. ನೀನು ಕಲಿತ್ರೆ ನನಗೂ ಹೇಳಿಕೊಡು."

ಗುರುವಾರದ ಕ್ಲಾಸು ನಡೆಯುತ್ತಿತ್ತು. ಜನ ಬರುತ್ತಿದ್ದರು. ಹೊಲಿಗೆಯಮ್ಮ ಕೇಳುತ್ತಿದ್ದಳು, ಅವರು "ಚೆನ್ನಾಗಿದೆ, ದೇವರ ದಯೆ" ಅನ್ನುತ್ತಿದ್ದರು. ಪಕ್ಕದವರೂ ಚೆನ್ನಾಗಿದೆ. ಅವರ ಪಕ್ಕದವರೂ. ಸುತ್ತು ಬೇಗ ಮುಗಿದುಹೋಗುತ್ತಿತ್ತು. ಅತ್ತೆಯನ್ನು ಬೈದವರಿಲ್ಲ, ಸಿಗರೇಟು ಸೇದಿದವರಿಲ್ಲ. ಒಂದು ದಿನ ಎಲ್ಲರೂ ಹೋದ ಮೇಲೆ ಫಿಟ್ಟರಣ್ಣ ಕುರ್ಚಿ ಎತ್ತಿಡುತ್ತಾ ಹೇಳಿದರು.

"ನಿನ್ನ ಮಾತು ನೀನು ತೆಗೆದೆ, ಅದು ತಪ್ಪಲ್ಲ. ಆದ್ರೆ ಬಾಗಿಲು ತೆರೆಯುತ್ತೆ ಅನ್ನೋದನ್ನ ಅವರು ನೋಡಿಬಿಟ್ರಲ್ಲ. ಅದು ಕಣ್ಣಿಂದ ಹೋಗೋಕೆ ಸ್ವಲ್ಪ ಕಾಲ ಬೇಕು."

"ಎಷ್ಟು ಕಾಲ ಅಣ್ಣ?"

"ಮಿಶಿನ್ ಆಗಿದ್ರೆ ಹೇಳ್ತಿದ್ದೆ."

ಶನಿವಾರಗಳಲ್ಲಿ ಅವಳು ಗುಂಗುರಿಯ ಮೆಟ್ಟಿಲು ಹತ್ತುತ್ತಿದ್ದಳು. ಬಾಚುತ್ತಿದ್ದಳು. ಮಾತಾಡುತ್ತಿರಲಿಲ್ಲ. ಬ್ಯಾಂಡೇಜು ಸಣ್ಣದಾಗುತ್ತಾ ಬಂತು. ಅಂಥ ಒಂದು ಶನಿವಾರ ಜಡೆ ಕಟ್ಟಿ ಮುಗಿಸುವಾಗ ಗುಂಗುರಿಯೇ ಬಾಯಿ ತೆರೆದಳು.

"ನಿಮ್ಮ ಮಗ ಬಂದಿದ್ದ."

ಹೊಲಿಗೆಯಮ್ಮ ಜಡೆಯನ್ನು ಹಿಡಿದೇ ನಿಂತಳು.

"ಯಾವಾಗ?"

"ಬೆಳಿಗ್ಗೆ. ಗ್ಯಾಸ್ ಸಿಲಿಂಡರ್ ಕೆಳಗೇ ಇಳಿಸಿ ಹೋಗಿದ್ರು, ಮೇಲೆ ತರೋಕೆ ನನ್ನಿಂದ ಆಗ್ತಿರಲಿಲ್ಲ. ಮೂರು ದಿನದಿಂದ ಬ್ರೆಡ್ಡೇ ತಿಂತಿದ್ದೆ. ಅವನಿಗೆ ಯಾರು ಹೇಳಿದ್ರೋ. ಹೆಗಲ ಮೇಲಿಟ್ಟುಕೊಂಡು ಹತ್ತಿ ಬಂದ. ಜೋಡಿಸಿದ."

"ನೀನು ಏನಂದೆ?"

"ಕೂತ್ಕೋ ಅನ್ನಲಿಲ್ಲ. ಅವನೂ ಕೂರಲಿಲ್ಲ."

"ಅವನೇನಾದ್ರೂ ಅಂದನಾ?"

"ರೆಗ್ಯುಲೇಟರ್ ಸಡಿಲ ಇದೆ, ಮಲಗೋಕೆ ಮುಂಚೆ ಆಫ್ ಮಾಡು, ಅಂದ. ಬಾಗಿಲ ತನಕ ಹೋಗಿ ಮತ್ತೆ ಬಂದು ಒಂದು ಸಲ ತಾನೇ ತಿರುಗಿಸಿ ನೋಡಿದ. ಆಮೇಲೆ ಹೋದ." ಆಮೇಲೆ ಗೋಡೆಯ ಕಡೆ ನೋಡುತ್ತಲೇ ಸೇರಿಸಿದಳು, "ನಮ್ಮನೇಲಿ ಹೇಳಬೇಡ ಅಂದ."

ಸಾಯಂಕಾಲ ಹೊಲಿಗೆಯಮ್ಮ ಮುಂದಿನ ಕೋಣೆಯಲ್ಲಿ ಮಿಶಿನ್ನಿನ ಮುಂದೆ ಕೂತಿದ್ದಳು. ನಡುವಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸೊಸೆ ಗಂಡನ ಹೆಗಲಿಗೆ ಮುಲಾಮು ತಿಕ್ಕುತ್ತಿದ್ದಳು.

"ಇದೇನ್ರೀ ಹೀಗೆ ಕೆಂಪಗಾಗಿದೆ? ಇವತ್ತು ರಜಾ ಅಲ್ವಾ? ಎಲ್ಲಿ ಏನು ಹೊತ್ರಿ?"

"ನಿನ್ನೆಯದು. ಲೋಡು ಜಾಸ್ತಿ ಇತ್ತು."

"ನಿನ್ನೆ ರಾತ್ರಿ ಇರಲಿಲ್ಲ ಇದು."

"ಇತ್ತು, ನೀನು ನೋಡಲಿಲ್ಲ. ಮೆಲ್ಲಗೆ ತಿಕ್ಕು."

ಹೊಲಿಗೆಯಮ್ಮ ಮಿಶಿನ್ ತುಳಿಯುವುದನ್ನು ನಿಲ್ಲಿಸಿದ್ದಳು. ಎದ್ದು ಹೋಗಿ ಅವನ ತಲೆಯ ಮೇಲೊಂದು ಕೈ ಇಡಬೇಕು ಅನ್ನಿಸಿತು. ಹೋದರೆ ತನಗೆ ತಿಳಿದದ್ದು ಅವನಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೂತಲ್ಲೇ ಕೂತು, ಕೈಯಲ್ಲಿದ್ದ ಬಟ್ಟೆಯ ಅಂಚನ್ನು ನೇವರಿಸುತ್ತಾ, ಒಳಗಿನ ಮಾತು ತಣ್ಣಗಾಗುವವರೆಗೂ ಕಾದಳು. ಆಮೇಲೆ ಮತ್ತೆ ತುಳಿಯತೊಡಗಿದಳು, ಎಂದಿಗಿಂತ ಸ್ವಲ್ಪ ಜೋರಾಗಿಯೇ, ಕಿವಿ ಮಂದದವಳ ಹಾಗೆ.

ಎಷ್ಟೋ ವಾರಗಳ ಮೇಲೆ ಆ ಮನೆಗೆ ಒಂದು ಒಳ್ಳೆಯ ಸುದ್ದಿ ಬಂದಿತ್ತು. ಅವಳು ಅದನ್ನು ಸೊಸೆಗೆ ಹೇಳಲಿಲ್ಲ, ಮೊಮ್ಮಗಳಿಗೆ ಹೇಳಲಿಲ್ಲ. ಗುರುವಾರ ಕ್ಲಾಸಿನಲ್ಲೂ ಹೇಳಲಿಲ್ಲ.